ವಿದೇಶದಲ್ಲಿ ಇಂಗ್ಲಿಷ್ ಬೋಧನೆ: ಚಿತ್ರದುರ್ಗ ಸೀಮೆಯ ಶಿಕ್ಷಕರ ಉದ್ಯೋಗ ವೀಸಾ ದಾಖಲೆಗಳು ಮತ್ತು ಪೂರ್ವಾಪರ ತಪಾಸಣೆ

ವಿದೇಶದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಹೊರಡುವ ಶಿಕ್ಷಕರು ಉದ್ಯೋಗ ವೀಸಾ ಪಡೆಯುವ ಮೊದಲು ತಮ್ಮ ಗುರುತು, ವಿದ್ಯಾರ್ಹತೆ ಮತ್ತು ನಡತೆ ಈ ಮೂರನ್ನೂ ದಾಖಲೆಗಳ ಮೂಲಕ ಸ್ಥಾಪಿಸಬೇಕಾಗುತ್ತದೆ. ಈ ಮೂರಕ್ಕೂ ಪ್ರಮಾಣಪತ್ರ ಕೊಡುವ ಕಚೇರಿಗಳು ಬೇರೆಬೇರೆ. ಅವು ಒಂದರ ಕಡತವನ್ನು ಇನ್ನೊಂದು ನೋಡುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡಿ ಹೋಲಿಸಿ ನೋಡುವವರು ಆ ದೇಶದ ರಾಯಭಾರ ಕಚೇರಿಯವರು ಅಥವಾ ನೇಮಿಸಿಕೊಳ್ಳುವ ಶಾಲೆಯವರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಅಭ್ಯರ್ಥಿಗಳ ಮಟ್ಟಿಗೆ ಕೊನೆಯ ಮುದ್ರೆ ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ಬಿದ್ದರೂ, ಆ ಮುದ್ರೆಗೆ ಆಧಾರವಾಗುವುದು ಊರಿನ ಶಾಲೆಯ ದಾಖಲಾತಿ ಪುಸ್ತಕ, ಗ್ರಾಮದ ಜನನ ನೋಂದಣಿ ಮತ್ತು ಹೋಬಳಿಯ ಪೊಲೀಸ್ ಠಾಣೆಯ ಕಡತ. ತೊಡಕುಗಳು ಹುಟ್ಟುವುದೂ ಈ ಮೊದಲ ಹಂತದಲ್ಲಿಯೇ ಆದುದರಿಂದ, ಈ ವಿಷಯವನ್ನು ವಿದೇಶಾಂಗ ವ್ಯವಹಾರವೆಂದಷ್ಟೇ ನೋಡದೆ ಜಿಲ್ಲೆಯ ದಾಖಲೆ ಪದ್ಧತಿಯ ಒಂದು ಭಾಗವೆಂದು ನೋಡುವುದು ಹೆಚ್ಚು ಉಪಯುಕ್ತ.

ಅವಕಾಶವಿರುವ ದೇಶಗಳು

ಇಂಗ್ಲಿಷ್ ಬೋಧನೆಯ ವೀಸಾ ನೀಡುವಾಗ ಅನೇಕ ದೇಶಗಳು ಅಭ್ಯರ್ಥಿಯ ಸಾಮರ್ಥ್ಯಕ್ಕಿಂತ ಮೊದಲು ಪೌರತ್ವವನ್ನು ನೋಡುತ್ತವೆ. ದಕ್ಷಿಣ ಕೊರಿಯದಲ್ಲಿ ವಿದೇಶಿ ಭಾಷಾ ಶಿಕ್ಷಕರಿಗೆ ಮೀಸಲಾದ ಇ-2 ವೀಸಾ ಮೂಲತಃ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕದ ಪ್ರಜೆಗಳಿಗೆ ಸೀಮಿತವಾಗಿದೆ. ಆದರೆ 2010ರ ಜನವರಿ 1ರಿಂದ ಜಾರಿಯಲ್ಲಿರುವ ಭಾರತ-ಕೊರಿಯ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದವು ಪದವಿಯ ಜೊತೆಗೆ ಇಂಗ್ಲಿಷ್ ಬೋಧನೆಯ ಅರ್ಹತೆಯನ್ನೂ ಪಡೆದ ಭಾರತೀಯರು ಸರ್ಕಾರಿ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಿ ಸೇರಲು ದಾರಿ ತೆರೆದಿದೆ. ಚೀನಾ ಭಾಷಾ ಶಿಕ್ಷಕರ ವಿಷಯದಲ್ಲಿ ಇಂಗ್ಲಿಷ್ ಮಾತೃಭಾಷೆಯಾದ ದೇಶಗಳ ಪೌರತ್ವವನ್ನು ಸಾಮಾನ್ಯವಾಗಿ ಕೇಳುತ್ತದೆ. ಇಂಗ್ಲೆಂಡಿನಲ್ಲಿ 2023ರ ಫೆಬ್ರುವರಿಯಿಂದ ಭಾರತದಲ್ಲಿ ತರಬೇತಾದ ಶಿಕ್ಷಕರೂ ಅಲ್ಲಿನ ಅರ್ಹ ಶಿಕ್ಷಕರೆಂಬ ಮಾನ್ಯತೆಗೆ ಅರ್ಜಿ ಹಾಕಬಹುದಾಗಿದ್ದು, ಭಾರತವೂ ಸೇರಿದಂತೆ ಕೆಲವು ದೇಶಗಳವರಿಗೆ ಆ ಅವಕಾಶವನ್ನು ಗಣಿತ, ವಿಜ್ಞಾನ ಮತ್ತು ವಿದೇಶಿ ಭಾಷೆಗಳ ಬೋಧಕರಿಗೆ ಮಿತಗೊಳಿಸಲಾಗಿದೆ. ಹೀಗಾಗಿ ಜಿಲ್ಲೆಯ ಬಿ.ಎ., ಬಿ.ಎಡ್. ಪದವೀಧರರಿಗೆ ನಿಜವಾಗಿ ಎಟುಕುವ ಅವಕಾಶವೆಂದರೆ ಕೊಲ್ಲಿ ರಾಷ್ಟ್ರಗಳಲ್ಲಿ ಭಾರತೀಯ ಪಠ್ಯಕ್ರಮವನ್ನು ಬೋಧಿಸುವ ಶಾಲೆಗಳು; ಅಲ್ಲಿ ಭಾರತೀಯ ಪೌರತ್ವ ಅಡ್ಡಿಯಾಗುವುದಿಲ್ಲ, ಬಿ.ಎಡ್. ಪದವಿಗೆ ಬೆಲೆಯೂ ಇದೆ.

ಜಪಾನಿನ ನಿಯಮವೊಂದು ಈ ಸೀಮೆಯವರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಅಲ್ಲಿನ ಶಾಲೆಗಳಲ್ಲಿ ವಿದೇಶಿ ಭಾಷೆ ಕಲಿಸುವ ಬೋಧಕ ವೀಸಾ ಪಡೆಯಲು ಅಭ್ಯರ್ಥಿಯು ಅದೇ ಭಾಷೆಯ ಮಾಧ್ಯಮದಲ್ಲಿ 12 ವರ್ಷ ಓದಿರಬೇಕು. ಸರ್ಕಾರಿ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕಲಿತು, ಪಿಯುಸಿಯಿಂದ ಮುಂದಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಬಂದು, ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದವರಿಗೂ ಪಿಯುಸಿಯ ಎರಡು, ಪದವಿಯ ಮೂರು, ಬಿ.ಎಡ್. ಮತ್ತು ಎಂ.ಎ.ಯ ತಲಾ ಎರಡು ವರ್ಷ ಸೇರಿ ಒಂಬತ್ತೇ ಆಗುತ್ತವೆ. ರಾಜ್ಯದ ನೇಮಕಾತಿಗಳಲ್ಲಿ ಮೀಸಲಾತಿ ಪಡೆಯಲು ಕನ್ನಡ ಮಾಧ್ಯಮದ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರಿಂದ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ, ಅಂದರೆ ಬಿಇಒ ಅವರ, ಮೇಲುರುಜು ಹಾಕಿಸುವುದು ಇಲ್ಲಿನ ಯುವಜನರಿಗೆ ಪರಿಚಿತ ಕೆಲಸ. ವಿದೇಶಕ್ಕೆ ಹೊರಟವರು ಅದೇ ಮೇಜಿನ ಮುಂದೆ ಇಂಗ್ಲಿಷ್ ಮಾಧ್ಯಮದ ವರ್ಷಗಳನ್ನು ದೃಢಪಡಿಸಿಕೊಳ್ಳಬೇಕಾಗುತ್ತದೆ. ಎರಡನೆಯ ಭಾಷೆಯಾಗಿ ಇಂಗ್ಲಿಷನ್ನು ಶ್ರಮಪಟ್ಟು ಕಲಿತವರೇ ಅದನ್ನು ಕಲಿಸುವ ಬಗೆಯನ್ನು ಚೆನ್ನಾಗಿ ಬಲ್ಲವರಾಗಿರಬಹುದೆಂಬ ಸಂಗತಿಗೆ ಈ ಲೆಕ್ಕದಲ್ಲಿ ಸ್ಥಾನವಿಲ್ಲದಿರುವುದು ಈ ನಿಯಮದ ದೊಡ್ಡ ಕೊರತೆ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ, 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಂತಹ ಕಡೆ ತರಬೇತಿ ಪಡೆದ ಶಿಕ್ಷಕರು ಜಿಲ್ಲೆಯ ಶಾಲೆಗಳಲ್ಲಿದ್ದಾರೆ. ಆ ತರಬೇತಿ ಅವರ ಬೋಧನೆಯನ್ನು ಹದಗೊಳಿಸಿದರೂ ಮಾಧ್ಯಮದ ವರ್ಷಗಳ ಲೆಕ್ಕಕ್ಕೆ ಸೇರುವುದಿಲ್ಲ.

ಹೆಸರು ಮತ್ತು ಜನ್ಮದಿನಾಂಕ

ಗುರುತಿನ ದಾಖಲೆಗಳಲ್ಲಿ ಬುಡದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಪಾಸ್‌ಪೋರ್ಟ್ ಕಚೇರಿ ಜನ್ಮದಿನಾಂಕಕ್ಕೆ ಅದನ್ನು ಒಪ್ಪುತ್ತದೆ. ವಿಶ್ವವಿದ್ಯಾಲಯಗಳು ಹೆಸರನ್ನು ಅದರಿಂದಲೇ ಎತ್ತಿಕೊಳ್ಳುತ್ತವೆ. ಆ ಅಂಕಪಟ್ಟಿಯ ಹೆಸರು ಬಂದಿರುವುದು ಒಂದನೆಯ ತರಗತಿಗೆ ಸೇರಿಸಿಕೊಂಡ ದಿನ ಮುಖ್ಯೋಪಾಧ್ಯಾಯರು ದಾಖಲಾತಿ ಪುಸ್ತಕದಲ್ಲಿ ಬರೆದುಕೊಂಡ ಸಾಲಿನಿಂದ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ತಿಪ್ಪೇಸ್ವಾಮಿ ಎಂಬ ಹೆಸರು ಜಿಲ್ಲೆಯ ಊರೂರಿನಲ್ಲೂ ಇದೆ. ಕನ್ನಡದಲ್ಲಿ ಒಂದೇ ಬಗೆಯಾಗಿ ಬರೆಯುವ ಈ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಅಕ್ಷರದ ಮುಂದೆ 'ಎಚ್' ಸೇರಿಸುವವರೂ ಬಿಡುವವರೂ ಇದ್ದಾರೆ, ಕೊನೆಗೆ 'ವೈ' ಹಾಕುವವರೂ 'ಐ' ಹಾಕುವವರೂ ಇದ್ದಾರೆ. ತಂದೆಯ ಹೆಸರು ಮಗಳ ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಬಗೆಯಾದಾಗ ಊರಿನವರಿಗೆ ಅದು ಒಬ್ಬನೇ ವ್ಯಕ್ತಿಯೆಂದು ಗೊತ್ತಿದ್ದರೂ ರಾಯಭಾರ ಕಚೇರಿಯ ಗುಮಾಸ್ತರಿಗೆ ಅವು ಮೂರು ಹೆಸರುಗಳೇ.

ಇನಿಷಿಯಲ್ ಪದ್ಧತಿ ಈ ತೊಡಕನ್ನು ಇನ್ನಷ್ಟು ಬೆಳೆಸುತ್ತದೆ. ಮನೆತನದ ಹೆಸರು ಬಳಸುವ ರೂಢಿ ಈ ಭಾಗದಲ್ಲಿ ವ್ಯಾಪಕವಾಗಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲ ಅಕ್ಷರಗಳೇ ವ್ಯಕ್ತಿಯ ಗುರುತು. ಪಾಸ್‌ಪೋರ್ಟಿನ ನಮೂನೆಯಾದರೋ ಕೊಟ್ಟ ಹೆಸರು ಮತ್ತು ಉಪನಾಮವೆಂದು ಎರಡು ಅಂಕಣಗಳನ್ನು ಕೇಳುವುದರಿಂದ, ಕೆಲವರು ಇನಿಷಿಯಲ್ಲನ್ನು ಬಿಡಿಸಿ ಬರೆಯುತ್ತಾರೆ, ಕೆಲವರು ಒಂದೇ ಅಕ್ಷರವನ್ನು ಉಪನಾಮವಾಗಿ ಹಾಕುತ್ತಾರೆ, ಕೆಲವರು ಆ ಅಂಕಣವನ್ನು ಖಾಲಿ ಬಿಡುತ್ತಾರೆ. ಮದುವೆಯಾದ ಮೇಲೆ ತಂದೆಯ ಇನಿಷಿಯಲ್ ಬಿಟ್ಟು ಗಂಡನ ಹೆಸರನ್ನು ಸೇರಿಸಿಕೊಂಡ ಶಿಕ್ಷಕಿಯರಿಗೆ ವಿವಾಹ ನೋಂದಣಿ ಪ್ರಮಾಣಪತ್ರವೂ ಬೇಕಾಗುತ್ತದೆ. ನೊಟರಿಯ ಮುಂದೆ ಮಾಡಿಸಿದ, ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂಬ ಅಫಿಡವಿಟ್ ದೇಶದೊಳಗೆ ಅನೇಕ ಕೆಲಸಗಳಿಗೆ ನಡೆಯುತ್ತದೆಯಾದರೂ, ವಿದೇಶದ ಅಧಿಕಾರಿಗಳು ಅದನ್ನು ಅಭ್ಯರ್ಥಿಯ ಸ್ವಂತ ಹೇಳಿಕೆಯೆಂದೇ ಎಣಿಸುವ ಸಂಭವ ಹೆಚ್ಚು. ಆದುದರಿಂದ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಬರೆದು ಅಂಕಪಟ್ಟಿಯನ್ನೇ ತಿದ್ದಿಸಿಕೊಳ್ಳುವುದು, ನಿಧಾನವಾದರೂ, ಗಟ್ಟಿಯಾದ ಮಾರ್ಗ.

ಜನ್ಮದಿನಾಂಕದ ತೊಡಕು ಹಳೆಯ ತಲೆಮಾರಿನದು. ಜನನ ಮರಣ ನೋಂದಣಿ ಅಧಿನಿಯಮ 1969ರಲ್ಲಿಯೇ ಬಂದಿದ್ದರೂ ಹಳ್ಳಿಗಳಲ್ಲಿ ನೋಂದಣಿ ಬಹಳ ಕಾಲ ಪೂರ್ಣವಾಗಿ ನಡೆಯಲಿಲ್ಲ. ಶಾಲೆಗೆ ಸೇರಿಸುವಾಗ ವಯಸ್ಸು ಸರಿಹೊಂದಲೆಂದು ಜೂನ್ 1ನ್ನು ಜನ್ಮದಿನವೆಂದು ಬರೆಸಿದವರು ಅನೇಕರು. ಮುಂದೆ ಜನನ ಪ್ರಮಾಣಪತ್ರ ಪಡೆಯಲು ಹೋದಾಗ ನಿಜವಾದ ದಿನಾಂಕ ನೋಂದಣಿಯಲ್ಲಿದ್ದರೆ ಎರಡು ದಾಖಲೆಗಳು ಪರಸ್ಪರ ವಿರುದ್ಧವಾಗುತ್ತವೆ. ಏನೂ ಇಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ತಡವಾದ ನೋಂದಣಿ ಮಾಡಿಸಬೇಕಾಗುತ್ತದೆ. ಊರಿನ ಹೆಸರಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಬ್ರಿಟಿಷರ ಕಾಲದ ಬರಹದಲ್ಲಿ ಚಿತ್ರದುರ್ಗ 'ಚಿತಲ್‌ಡ್ರೂಗ್' ಆಗಿತ್ತು. ಹೊಸದುರ್ಗವನ್ನು ಇಂಗ್ಲಿಷಿನಲ್ಲಿ 'ಎ' ಬಿಟ್ಟು ಬರೆದಾಗ ಕಾಸರಗೋಡು ಜಿಲ್ಲೆಯಲ್ಲಿ ಹೆಚ್ಚುಕಡಿಮೆ ಅದೇ ಹೆಸರಿನ ಇನ್ನೊಂದು ತಾಲ್ಲೂಕು ಇರುವುದರಿಂದ ಜಿಲ್ಲೆ ಮತ್ತು ರಾಜ್ಯದ ಹೆಸರನ್ನು ಜೊತೆಗೆ ನಮೂದಿಸದ ಪತ್ರ ಗೊಂದಲಕ್ಕೆ ಎಡೆಮಾಡಿಕೊಡುತ್ತದೆ.

ಪದವಿಯ ಸಾಚಾತನ

ವಿದ್ಯಾರ್ಹತೆಯ ಪರಿಶೀಲನೆ ಪದವಿ ಕೊಟ್ಟ ವಿಶ್ವವಿದ್ಯಾಲಯದಲ್ಲಿ ಆರಂಭವಾಗುತ್ತದೆ, ಮತ್ತು ಚಿತ್ರದುರ್ಗದ ಪದವೀಧರರು ಯಾವ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂಬುದು ಅವರು ಓದಿದ ಕಾಲವನ್ನು ಅವಲಂಬಿಸಿದೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಇಲ್ಲಿನ ಕಾಲೇಜುಗಳು, 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಆರಂಭವಾದ ಮೇಲೆ ಅದಕ್ಕೆ ಸೇರಿದವು. 2009ರಲ್ಲಿ ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯ ಸ್ವತಂತ್ರವಾದಾಗ ಅದರ ವ್ಯಾಪ್ತಿಗೆ ಬಂದವು. ಒಂದೇ ಕಾಲೇಜಿನ ಒಂದೇ ಕೋಣೆಯಲ್ಲಿ ಓದಿದ ಅಕ್ಕ, ತಮ್ಮ ಮತ್ತು ಮಗಳ ಪದವಿ ಪತ್ರಗಳಲ್ಲಿ ಮೂರು ಬೇರೆ ವಿಶ್ವವಿದ್ಯಾಲಯಗಳ ಮುದ್ರೆ ಇರಬಹುದು. ಕಾಲೇಜು ಇಂದು ಯಾವ ವಿಶ್ವವಿದ್ಯಾಲಯದಡಿ ಇದೆ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ; ಅಂಕಪಟ್ಟಿಯ ತಲೆಯ ಮೇಲೆ ಯಾರ ಹೆಸರಿದೆಯೋ ಅಲ್ಲಿಯ ಮೌಲ್ಯಮಾಪನ ಕುಲಸಚಿವರೇ ಅದು ಸಾಚಾ ಎಂದು ಬರೆದುಕೊಡಬೇಕು. ಘಟಿಕೋತ್ಸವದ ಮೂಲ ಪದವಿ ಪತ್ರವನ್ನು ಪಡೆಯದೆ, ತಾತ್ಕಾಲಿಕ ಪ್ರಮಾಣಪತ್ರದಲ್ಲಿಯೇ ವರ್ಷಗಟ್ಟಲೆ ಕೆಲಸ ಮಾಡಿದವರು ಮೊದಲು ಆ ಮೂಲ ಪತ್ರವನ್ನು ತರಿಸಿಕೊಳ್ಳಬೇಕಾಗುತ್ತದೆ. ದೂರಶಿಕ್ಷಣದ ಪದವಿಗಳಿಗೆ ಇನ್ನೊಂದು ಪರೀಕ್ಷೆಯಿದೆ: ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸುಗಳಿಗೆ 2013ರ ನಂತರ ಕೆಲವು ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇರಲಿಲ್ಲ, 2018ರಲ್ಲಿ ಅದು ಮರಳಿತು, ಈ ನಡುವಿನ ಅವಧಿಯಲ್ಲಿ ನಂಬಿ ಓದಿದ ವಿದ್ಯಾರ್ಥಿಗಳು ತಮ್ಮದಲ್ಲದ ಕಾರಣಕ್ಕೆ ಪ್ರತಿ ಪರಿಶೀಲನೆಯಲ್ಲಿಯೂ ಸಮಜಾಯಿಷಿ ಕೊಡಬೇಕಾಗಿ ಬಂದಿರುವುದು ವಿಷಾದದ ಸಂಗತಿ.

ಅಪೋಸ್ಟಿಲ್ ಮತ್ತು ರಾಯಭಾರ ಕಚೇರಿಯ ದೃಢೀಕರಣ

ಒಂದು ದೇಶದ ಸಾರ್ವಜನಿಕ ದಾಖಲೆಯನ್ನು ಇನ್ನೊಂದು ದೇಶ ನಂಬುವಂತೆ ಮಾಡುವ ಮುದ್ರೆಗೆ ಅಪೋಸ್ಟಿಲ್ ಎಂದು ಹೆಸರು. 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದಿಂದ ಬಂದ ಈ ಪದ್ಧತಿ ಭಾರತದ ಮಟ್ಟಿಗೆ 2005ರ ಜುಲೈ 14ರಂದು ಜಾರಿಗೆ ಬಂತು. ಪ್ರಮಾಣಪತ್ರದ ಹಿಂಬದಿಗೆ ಅಂಟಿಸುವ ಚೌಕಾಕಾರದ ಚೀಟಿಯಲ್ಲಿ ಕ್ರಮಸಂಖ್ಯೆ ಹಾಕಿದ ಹತ್ತು ಸಾಲುಗಳಿರುತ್ತವೆ: ಯಾವ ದೇಶ, ಯಾರು ಸಹಿ ಮಾಡಿದರು, ಯಾವ ಹುದ್ದೆಯಲ್ಲಿದ್ದು ಮಾಡಿದರು, ಯಾರ ಮೊಹರು, ಎಲ್ಲಿ, ಯಾವ ದಿನ, ದೃಢೀಕರಿಸಿದವರು ಯಾರು, ಸಂಖ್ಯೆ ಏನು, ಕೊನೆಗೆ ಮೊಹರು ಮತ್ತು ಸಹಿ. ಅಪೋಸ್ಟಿಲ್ ದೃಢಪಡಿಸುವುದು ಸಹಿಯ ಮತ್ತು ಸಹಿ ಮಾಡಿದವರ ಅಧಿಕಾರದ ನಿಜವನ್ನು ಮಾತ್ರ. ಪತ್ರದೊಳಗೆ ಬರೆದದ್ದು ಸರಿಯೆಂದು ಅದು ಹೇಳುವುದಿಲ್ಲ, ತಪ್ಪಾಗಿ ಬರೆದ ಹೆಸರನ್ನು ಸರಿಪಡಿಸುವುದೂ ಇಲ್ಲ.

ಕರ್ನಾಟಕದ ಪದವಿ ಪತ್ರ ಮೊದಲು ವಿಶ್ವವಿದ್ಯಾಲಯದ ಪರಿಶೀಲನೆಯನ್ನು, ಅನಂತರ ಬೆಂಗಳೂರಿನಲ್ಲಿ ರಾಜ್ಯ ಶಿಕ್ಷಣ ಇಲಾಖೆಯ ದೃಢೀಕರಣವನ್ನು ದಾಟಿ ಕೇಂದ್ರ ವಿದೇಶಾಂಗ ಸಚಿವಾಲಯವನ್ನು ತಲುಪುತ್ತದೆ. ಜನನ ಮತ್ತು ವಿವಾಹ ಪ್ರಮಾಣಪತ್ರಗಳಿಗೆ ರಾಜ್ಯದ ಹಂತದಲ್ಲಿ ಗೃಹ ಇಲಾಖೆ ಬರುತ್ತದೆ. ಸಚಿವಾಲಯದ ಅಪೋಸ್ಟಿಲ್ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ, ಅದರ ಮೇಲೆ ಅರ್ಜಿ ಸ್ವೀಕರಿಸುವ ಸಂಸ್ಥೆಯ ಸೇವಾಶುಲ್ಕ. ಮಧ್ಯವರ್ತಿಗಳು ಕೇಳುವ ಮೊತ್ತ ಸರ್ಕಾರಿ ಶುಲ್ಕದ ಎಷ್ಟು ಪಟ್ಟು ಎಂಬುದನ್ನು ಇದರಿಂದ ಅಳೆಯಬಹುದು. ದಕ್ಷಿಣ ಕೊರಿಯ, ಜಪಾನ್, ಒಮಾನ್, ಬಹರೇನ್ ಮತ್ತು 2022ರ ಡಿಸೆಂಬರಿನಿಂದ ಸೌದಿ ಅರೇಬಿಯ ಈ ಒಪ್ಪಂದದಲ್ಲಿವೆ. ಸಂಯುಕ್ತ ಅರಬ್ ಸಂಸ್ಥಾನ, ಕತಾರ್ ಮತ್ತು ಕುವೈತ್ ಅದರ ಹೊರಗಿರುವುದರಿಂದ ಅಲ್ಲಿಗೆ ಹೊರಟವರ ಪತ್ರಗಳು ಸಚಿವಾಲಯದ ಸಾಮಾನ್ಯ ದೃಢೀಕರಣದ ಮೇಲೆ ಭಾರತದಲ್ಲಿರುವ ಆಯಾ ದೇಶದ ರಾಯಭಾರ ಕಚೇರಿಯ ಮುದ್ರೆಯನ್ನೂ ಪಡೆಯಬೇಕು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ ರೈಲು ಹತ್ತಿಯೋ ಹಿರಿಯೂರಿನಲ್ಲಿ ಹೆದ್ದಾರಿಯ ಬಸ್ಸು ಹಿಡಿದೋ ಬೆಂಗಳೂರಿಗೆ ಹೋಗಿಬರುವವರಿಗೆ ಪ್ರತಿ ಮುದ್ರೆಯೂ ರಜೆ ಮತ್ತು ಸಂಬಳದ ಪ್ರಶ್ನೆ. ಮಧ್ಯವರ್ತಿಗಳ ವ್ಯಾಪಾರ ನಿಂತಿರುವುದು ಈ ದೂರದ ಮೇಲೆಯೇ. ದಾಖಲೆಗಳನ್ನು ಆನ್‌ಲೈನ್‌ನಲ್ಲಿ ದೃಢೀಕರಿಸುವ, 2017ರಲ್ಲಿ ಆರಂಭವಾದ ಇ-ಸನದ್ ವ್ಯವಸ್ಥೆ ಇಂತಹ ಓಡಾಟವನ್ನು ತಪ್ಪಿಸುವ ಉದ್ದೇಶದ್ದು, ಆದರೆ ಮೂಲ ದಾಖಲೆಗಳು ಗಣಕೀಕೃತವಾಗಿರುವ ಸಂಸ್ಥೆಗಳ ಮಟ್ಟಿಗೆ ಮಾತ್ರ ಅದು ಫಲಕಾರಿ.

ಪೊಲೀಸ್ ತಪಾಸಣೆ

ಮಕ್ಕಳ ಜೊತೆ ಕೆಲಸ ಮಾಡುವವರ ಹಿಂದಿನ ನಡತೆಯನ್ನು ವಿಚಾರಿಸುವ ಪದ್ಧತಿ ನೋವಿನ ಘಟನೆಗಳಿಂದ ಬೆಳೆದದ್ದು. ಇಂಗ್ಲೆಂಡಿನ ಸೋಹಮ್ ಎಂಬ ಊರಿನಲ್ಲಿ 2002ರಲ್ಲಿ ಶಾಲೆಯ ನೌಕರನೊಬ್ಬ ಇಬ್ಬರು ಬಾಲಕಿಯರನ್ನು ಕೊಂದಾಗ, ಅವನ ಮೇಲೆ ಹಿಂದೆ ಬಂದಿದ್ದ ದೂರುಗಳು ನೇಮಿಸಿಕೊಂಡವರಿಗೆ ತಲುಪಿರಲಿಲ್ಲವೆಂದು ತಿಳಿದುಬಂತು. ಅನಂತರದ ವಿಚಾರಣೆಯ ಫಲವಾಗಿ ಅಲ್ಲಿನ ತಪಾಸಣಾ ವ್ಯವಸ್ಥೆ ಬಿಗಿಯಾಯಿತು. ದಕ್ಷಿಣ ಕೊರಿಯದಲ್ಲಿ ಹಿಂದೆ ಬೋಧಿಸಿದ್ದ ವಿದೇಶಿಯೊಬ್ಬ ಮಕ್ಕಳ ಮೇಲಿನ ಅಪರಾಧಕ್ಕಾಗಿ 2007ರಲ್ಲಿ ಥಾಯ್ಲೆಂಡಿನಲ್ಲಿ ಬಂಧಿತನಾದ ಮೇಲೆ, ಆ ವರ್ಷದ ಕೊನೆಗೆ ಕೊರಿಯ ತನ್ನ ಭಾಷಾ ಶಿಕ್ಷಕರ ವೀಸಾಕ್ಕೆ ಅಪರಾಧ ದಾಖಲೆಯ ಪತ್ರವನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿಯೂ ಪೋಕ್ಸೊ ಕಾಯ್ದೆಯಡಿ 2020ರಲ್ಲಿ ಬಂದ ನಿಯಮಗಳು ಶಾಲಾ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ವಿಧಿಸಿವೆ. ಆದುದರಿಂದ ಈ ತಪಾಸಣೆಯನ್ನು ಅಪನಂಬಿಕೆಯ ಗುರುತೆಂದು ಭಾವಿಸಿ ಬೇಸರಪಡುವುದು ಸರಿಯಲ್ಲ. ಅದು ಶಿಕ್ಷಕ ವೃತ್ತಿಯ ಗೌರವವನ್ನು ಕಾಯುವ ಕ್ರಮ.

ಭಾರತೀಯ ಪ್ರಜೆಗೆ ವಿದೇಶಕ್ಕೆ ಸಲ್ಲುವ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು, ಅಂದರೆ ಪಿಸಿಸಿಯನ್ನು, ಕೊಡುವುದು ಪಾಸ್‌ಪೋರ್ಟ್ ಕಚೇರಿ. ಜಿಲ್ಲಾ ಪೊಲೀಸರು ದೇಶದೊಳಗಿನ ಕೆಲಸಕ್ಕೆಂದು ಕೊಡುವ ಪರಿಶೀಲನಾ ಪತ್ರ ಇದಕ್ಕಿಂತ ಬೇರೆಯದು, ಮತ್ತು ಅದನ್ನು ಹಿಡಿದು ಹೋಗಿ ಹಿಂತಿರುಗುವವರು ಇದ್ದೇ ಇರುತ್ತಾರೆ. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ಗಳಲ್ಲಿ ಆರಂಭವಾಯಿತು. 2022ರ ಸೆಪ್ಟೆಂಬರ್ 28ರಿಂದ ಇಂತಹ ಕೇಂದ್ರಗಳಲ್ಲಿಯೂ ಪಿಸಿಸಿಗೆ ಅರ್ಜಿ ಕೊಡಬಹುದಾದ್ದರಿಂದ, ಇದೊಂದು ಕೆಲಸಕ್ಕೆ ಚಿತ್ರದುರ್ಗದವರಿಗೆ ಬೆಂಗಳೂರಿನ ಪ್ರಯಾಣ ತಪ್ಪಿ ದಾವಣಗೆರೆ ಹತ್ತಿರವಾಯಿತು. ಶುಲ್ಕ 500 ರೂಪಾಯಿ. ಪತ್ರದಲ್ಲಿ ಯಾವ ದೇಶಕ್ಕೆಂಬುದು ನಮೂದಾಗಿರುತ್ತದೆ. ಒಮಾನಿಗೆಂದು ಪಡೆದ ಪತ್ರ ಬಹರೇನಿಗೆ ನಡೆಯುವುದಿಲ್ಲ.

ಅರ್ಜಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯ ಮೂಲಕ ಅಭ್ಯರ್ಥಿ ವಾಸಿಸುವ ಠಾಣೆಗೆ ಬರುತ್ತದೆ. ಠಾಣೆಯ ಸಿಬ್ಬಂದಿ ವಿಳಾಸವನ್ನೂ ನೆರೆಹೊರೆಯವರ ಮಾತನ್ನೂ ವಿಚಾರಿಸುತ್ತಾರೆ, ಅಪರಾಧ ದಾಖಲೆಗಳನ್ನು ತಿರುವಿ ನೋಡುತ್ತಾರೆ. ಹಳ್ಳಿಯಲ್ಲಿ ಹುಟ್ಟಿ, ಹೊಸದುರ್ಗದಲ್ಲಿ ಪಿಯುಸಿ ಓದಿ, ಬೆಂಗಳೂರಿನ ಖಾಸಗಿ ಶಾಲೆಯಲ್ಲಿ ಕೆಲಸ ಮಾಡುತ್ತಿರುವವರು ಪಾಸ್‌ಪೋರ್ಟಿನಲ್ಲಿ ಊರಿನ ವಿಳಾಸವನ್ನೇ ಇಟ್ಟುಕೊಂಡಿದ್ದರೆ, ಪೊಲೀಸರು ಬಂದಾಗ ಮನೆಯಲ್ಲಿ ಸಿಗದೆ ವರದಿ ಪ್ರತಿಕೂಲವಾಗುವುದುಂಟು. ಈಗ ವಾಸಿಸುತ್ತಿರುವ ವಿಳಾಸವನ್ನೇ ಕೊಡುವುದು ಕ್ರಮ.

ಹಳ್ಳಿಗಳಲ್ಲಿ ಇದಕ್ಕಿಂತ ಗಂಭೀರವಾದ ಅಡ್ಡಿಯೆಂದರೆ ಬದುವಿನ ಜಗಳ, ದಾಯಾದಿ ವ್ಯಾಜ್ಯ, ಚುನಾವಣೆಯ ಗಲಾಟೆಗಳಲ್ಲಿ ದಾಖಲಾದ ಪ್ರಕರಣಗಳು. ಎರಡೂ ಕಡೆಯವರು ದೂರು ಪ್ರತಿದೂರು ಕೊಟ್ಟಾಗ ಮನೆಯವರೆಲ್ಲರ ಹೆಸರನ್ನೂ ಸೇರಿಸುವ ರೂಢಿಯಿಂದ, ಜಗಳದ ದಿನ ಊರಿನಲ್ಲೇ ಇಲ್ಲದಿದ್ದ ಶಿಕ್ಷಕಿಯ ಹೆಸರೂ ಎಫ್‌ಐಆರ್‌ನಲ್ಲಿ ಸೇರಿಕೊಳ್ಳಬಹುದು. ಶಾಂತಿಭಂಗದ ಭೀತಿಯಿದ್ದಾಗ ತಹಶೀಲ್ದಾರರ ಮುಂದೆ ಮುಚ್ಚಳಿಕೆ ಬರೆಸಿಕೊಳ್ಳುವ ಕ್ರಮ, ಅಂದರೆ ಹಳೆಯ ದಂಡಪ್ರಕ್ರಿಯಾ ಸಂಹಿತೆಯ 107ನೆಯ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೆಯ ಕಲಮು, ಕೇವಲ ಮುನ್ನೆಚ್ಚರಿಕೆಯದು. ಅದು ಅಪರಾಧಕ್ಕೆ ಶಿಕ್ಷೆಯಲ್ಲ. ಆದರೂ ಠಾಣೆಯ ಕಡತದಲ್ಲಿ ಅದು ಉಳಿದಿರುತ್ತದೆ, ವರದಿ ಬರೆಯುವವರು ಅದನ್ನು ಉಲ್ಲೇಖಿಸಬಹುದು. ತನಿಖೆಯ ಕೊನೆಗೆ ಪೊಲೀಸರು ಆರೋಪಕ್ಕೆ ಆಧಾರವಿಲ್ಲವೆಂದು ಬಿ ರಿಪೋರ್ಟ್ ಸಲ್ಲಿಸಿದ್ದರೆ, ನ್ಯಾಯಾಲಯ ಅದನ್ನು ಅಂಗೀಕರಿಸಿದ ಆದೇಶದ ದೃಢೀಕೃತ ಪ್ರತಿಯನ್ನು ಅಭ್ಯರ್ಥಿಯೇ ತಂದು ಒದಗಿಸುವುದು ಉಪಯುಕ್ತ. ಮೊಕದ್ದಮೆ ವಿಚಾರಣೆಯಲ್ಲಿದ್ದರೆ 1967ರ ಪಾಸ್‌ಪೋರ್ಟ್ ಅಧಿನಿಯಮದ 6ನೆಯ ಕಲಮು ಪಾಸ್‌ಪೋರ್ಟನ್ನೇ ತಡೆಯಲು ಅಧಿಕಾರ ಕೊಡುತ್ತದೆ. 1993ರ ಆಗಸ್ಟ್ 25ರ ಕೇಂದ್ರ ಅಧಿಸೂಚನೆಯಂತೆ ವಿಚಾರಣಾ ನ್ಯಾಯಾಲಯದ ಅನುಮತಿ ತಂದವರಿಗೆ ವಿನಾಯಿತಿ ಇದೆ.

ದೇಶದಿಂದ ದೇಶಕ್ಕೆ ಈ ಬೇಡಿಕೆ ಬದಲಾಗುತ್ತದೆ, ಒಂದೇ ದೇಶದಲ್ಲಿಯೂ ನಿಲ್ಲುವುದಿಲ್ಲ. ಸಂಯುಕ್ತ ಅರಬ್ ಸಂಸ್ಥಾನ 2018ರ ಫೆಬ್ರುವರಿ 4ರಿಂದ ಉದ್ಯೋಗ ವೀಸಾಕ್ಕೆ ಸನ್ನಡತೆಯ ಪತ್ರವನ್ನು ಕಡ್ಡಾಯಗೊಳಿಸಿ, ಏಪ್ರಿಲ್ 1ರಿಂದ ಆ ನಿಯಮವನ್ನು ಅಮಾನತಿನಲ್ಲಿಟ್ಟಿತು. ಆದರೂ ಶಾಲೆಗಳು ತಮ್ಮ ನೇಮಕಾತಿಗೆ ಅದನ್ನು ಕೇಳುವುದುಂಟು. ಬ್ರಿಟನ್ ಶಿಕ್ಷಣ ಕ್ಷೇತ್ರದ ವೀಸಾಕ್ಕೆ ಹಿಂದಿನ 10 ವರ್ಷಗಳಲ್ಲಿ ಒಟ್ಟು 12 ತಿಂಗಳು ಅಥವಾ ಹೆಚ್ಚು ವಾಸಿಸಿದ ಪ್ರತಿ ದೇಶದ ಪತ್ರವನ್ನೂ ಕೇಳುತ್ತದೆ. ಇಂಗ್ಲೆಂಡಿನ ಅರ್ಹ ಶಿಕ್ಷಕರ ಮಾನ್ಯತೆಗೆ ಬೇಕಾದ, ವೃತ್ತಿಯಿಂದ ನಿಷೇಧಿತರಲ್ಲವೆಂಬ ಪತ್ರ ಮಾತ್ರ ಕರ್ನಾಟಕದವರಿಗೆ ಕಷ್ಟದ್ದು, ಏಕೆಂದರೆ ವಕೀಲರಿಗೂ ವೈದ್ಯರಿಗೂ ಇರುವಂತಹ ವೈಯಕ್ತಿಕ ಪರವಾನಗಿ ಮತ್ತು ಪರಿಷತ್ತು ಇಲ್ಲಿ ಶಿಕ್ಷಕರಿಗೆ ಇಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಅರ್ಹತೆಗಳನ್ನು ನಿಗದಿಪಡಿಸುತ್ತದೆಯೇ ಹೊರತು ಒಬ್ಬೊಬ್ಬ ಶಿಕ್ಷಕರ ದಾಖಲೆಯನ್ನು ಇಡುವುದಿಲ್ಲ.

ನೇಮಕಾತಿ ಏಜೆಂಟರು ಮತ್ತು ಹಿಂತಿರುಗುವಿಕೆ

ಸರ್ಕಾರಿ ಶಾಲೆಯ ಶಿಕ್ಷಕರು ಮೇಲಿನ ಎಲ್ಲದರ ಜೊತೆಗೆ ಇಲಾಖೆಯ ನಿರಾಕ್ಷೇಪಣಾ ಪತ್ರವನ್ನೂ ರಜೆಯ ಮಂಜೂರಾತಿಯನ್ನೂ ಪಡೆಯಬೇಕು. ಖಾಸಗಿಯವರಿಗೆ ಏಜೆಂಟರ ಆಯ್ಕೆಯೇ ದೊಡ್ಡ ಪ್ರಶ್ನೆ. 1983ರ ವಲಸೆ ಅಧಿನಿಯಮದಂತೆ ನೋಂದಣಿ ಪತ್ರವಿಲ್ಲದೆ ವಿದೇಶಿ ನೇಮಕಾತಿ ನಡೆಸುವುದು ಅಪರಾಧ. ನೋಂದಾಯಿತ ಏಜೆಂಟರ ಹೆಸರುಗಳನ್ನು ಕೇಂದ್ರದ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ಮತ್ತು ಅಭ್ಯರ್ಥಿಯಿಂದ ಅವರು ಪಡೆಯಬಹುದಾದ ಸೇವಾಶುಲ್ಕದ ಮಿತಿ ತೆರಿಗೆ ಬಿಟ್ಟು 30,000 ರೂಪಾಯಿ. ಎಸ್ಸೆಸ್ಸೆಲ್ಸಿ ದಾಟಿದ ಶಿಕ್ಷಕರ ಪಾಸ್‌ಪೋರ್ಟಿಗೆ ವಲಸೆ ಪರಿಶೀಲನೆ ಬೇಕಿಲ್ಲದ ಕಾರಣ ಅವರ ಒಪ್ಪಂದವನ್ನು ಯಾವ ಅಧಿಕಾರಿಯೂ ಹೊರಡುವ ಮೊದಲು ಓದುವುದಿಲ್ಲ. ಓದಿದವರಿಗೆ ರಕ್ಷಣೆ ಬೇಡವೆಂಬ ಈ ಊಹೆ ಎಷ್ಟೋ ಸಲ ತಪ್ಪಾಗುತ್ತದೆ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಬಹುದೆಂದು ಹೇಳುವ ಏಜೆಂಟರ ಮಾತನ್ನು ನಂಬಿದವರು ಕೆಲಸದ ಹಕ್ಕಿಲ್ಲದೆ ಸಿಲುಕುವ ಅಪಾಯವಿದೆ. ಮೂಲ ಪದವಿ ಪತ್ರಗಳನ್ನು ಯಾರ ವಶಕ್ಕಾದರೂ ಕೊಡುವಾಗ ಪಟ್ಟಿ ಬರೆದ ಸ್ವೀಕೃತಿ ಪಡೆಯುವುದು ಅನಿವಾರ್ಯ.

ಒಪ್ಪಂದ ಮುಗಿಸಿ ಊರಿಗೆ ಮರಳುವವರು ಹೊರಡುವ ಮೊದಲೇ ಆ ದೇಶದ ಪೊಲೀಸ್ ಪತ್ರವನ್ನೂ ಶಾಲೆಯ ಸೇವಾನುಭವ ಪತ್ರವನ್ನೂ ಅಲ್ಲಿಯೇ ದೃಢೀಕರಿಸಿ ತರಬೇಕು. ಅಲ್ಲಿನ ಗುರುತಿನ ಚೀಟಿ ರದ್ದಾದ ಮೇಲೆ ಹಿರಿಯೂರಿನಲ್ಲಿ ಕುಳಿತು ಅರ್ಜಿ ಹಾಕುವವರಿಗೆ ಬೆರಳಚ್ಚು ತೆಗೆಸುವುದು, ಅದನ್ನು ದೃಢೀಕರಿಸುವುದು, ಅಲ್ಲಿ ಯಾರಿಗಾದರೂ ಅಧಿಕಾರ ಪತ್ರ ಕೊಡುವುದು ಎಲ್ಲವೂ ಹೊಸದಾಗಿ ಆರಂಭವಾಗುತ್ತವೆ. ಮುಂದೆ ಮೂರನೆಯ ದೇಶಕ್ಕೆ ಹೋಗುವಾಗ ಆ ಪತ್ರವನ್ನು ಕೇಳುವುದು ಬಹುತೇಕ ಖಚಿತ.